ನಾಲ್ಕನೆಯ ಚಕ್ರ

ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಸಣ್ಣ ನನ್ನ ಇಂಜಿನ್ನೊಂದು ಒಮ್ಮೆ, ಸ್ಟೇಷನ್ನಿನಲ್ಲಿ ಕೆಟ್ಟು ನಿಂತಿದ್ದ ನಿಜವಾದ ಗೂಡ್ಸ್ ರೈಲನ್ನು ಕಲ್ಲಿದ್ದಲು ತುಂಬಿದ ಡಬ್ಬಿಗಳ ಸಮೇತ ಮುಂದಿನ ಊರಿನವರೆಗೆ ಎಳೆದು ಬಿಟ್ಟು, ಸಂಜೆ ಹೊತ್ತಿಗೆ ಒಂಟಿಯಾಗಿ ಮನೆಗೆ ಮರಳಿತ್ತು. ಗಾರ್ಡು ಇಳಿದು ಬಂದು ಅದಕ್ಕೆ ಸಲಾಮು ಹೊಡೆದ. ನಂಬದವರು ನಂಬಬೇಡಿ, ನನಗೇನೂ ನಷ್ಟವಿಲ್ಲ. ನನ್ನ ಭಾವನೂ ನಂಬಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, "ಬರುವಾಗ ಹಾಲೂ ತಂತಾ, ಶಿಳ್ಳೆ?" ಎಂದಷ್ಟೇ ಕೇಳಿದ್ದ.

ಶಿಳ್ಳೆ ಎಂದರೆ ನಾನು. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಈಗ ಅದು ಯಾರಿಗೂ ನೆನಪಿಲ್ಲ. "ಇಂಜಿನ್ನಿಗೆ ಬಾಯ್ಲರು ಬೇಕು, ಚಕ್ರ ಬೇಕು, ಒಂದು ಶಿಳ್ಳೆಯೂ ಬೇಕು. ಹಬೆ ಖರ್ಚು ಮಾಡೋದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಇಲ್ಲ" ಎಂದು ಭಾವ ಯಾರಿಗೋ ನನ್ನನ್ನು ಪರಿಚಯಿಸಿದ ದಿನದಿಂದ ಆ ಹೆಸರು ಅಂಟಿಕೊಂಡಿತು. ಅವನು ನನ್ನ ಅಕ್ಕನ ಗಂಡ. ನನಗಿಂತ ತುಸುವೇ ದೊಡ್ಡವನು. ಏಕವಚನದ ಸಲಿಗೆ ಅವನೇ ಕೊಟ್ಟದ್ದು. ಹಗಲೆಲ್ಲ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ರಿಪೇರಿ ಮಾಡುತ್ತಿದ್ದ. ಬಟ್ಟೆ ಅಳತೆ ಸರಿಪಡಿಸಿ ಕೊಡುವ ಅಕ್ಕನ ಪುಟ್ಟ ಅಂಗಡಿಗೂ ಹಿಂದೊಮ್ಮೆ ಯಂತ್ರ ನೋಡಲೆಂದೇ ಬಂದವನು. ಯಂತ್ರ ಅಲ್ಲೇ ಉಳಿಯಿತು, ಒಡತಿಯನ್ನು ಎತ್ತಿಕೊಂಡು ಹೋದ.

ಸಂಜೆಗಳಲ್ಲಿ ನಾವಿಬ್ಬರೂ ಮಾದರಿ ರೈಲು ಇಂಜಿನ್ನುಗಳನ್ನು ಕಟ್ಟುತ್ತಿದ್ದೆವು. ಅಕ್ಕನ ಮನೆಯ ಹಿಂಬದಿಯ ಕೋಣೆಯಲ್ಲಿ ನಾಲ್ಕೂ ಗೋಡೆಗುಂಟ ಹಲಗೆ ಜೋಡಿಸಿ ಹಳಿ ಹಾಸಿದ್ದೆವು. ಬಾಗಿಲ ಬಳಿ ಮಾತ್ರ ಎತ್ತಿ ಇಳಿಸುವ ಸೇತುವೆ. ಚಹಾ ತಂದ ಅಕ್ಕ ಅದರಾಚೆ ನಿಂತು, "ಗೇಟ್ ತೆಗೀರಿ, ಪ್ಯಾಸೆಂಜರ್ ಬಂದಿದ್ದೇನೆ" ಎಂದು ಕೂಗಬೇಕು. ಇಂಜಿನ್ನಿನ ಮೇಲಿನ ಬಾಡಿ ನನ್ನದು, ಚಕ್ರ, ಮೋಟಾರು ಕೂರುವ ಕೆಳಗಿನ ಚಾಸಿ ಭಾವನದು. ನಾನು ಬೋರ್ಡು ಬರೆಯುವವನು. ಈ ಪಟ್ಟಣದ ಮುಕ್ಕಾಲು ಅಂಗಡಿಗಳಿಗೆ ಹೆಸರು ಕೊಟ್ಟವನು ನಾನೇ. ಉಳಿದ ಕಾಲು ಭಾಗ ನನ್ನ ಅಕ್ಷರ ಸಿಗದ ದುಃಖಕ್ಕೆ ಬಾಗಿಲು ಮುಚ್ಚಿದವು. ಕುಂಚದ ಒಂದೇ ಕೂದಲಿನಿಂದ, ಗುಂಡುಸೂಜಿಯ ತಲೆಯಷ್ಟು ಜಾಗದಲ್ಲಿ, ಇಡೀ ರೈಲ್ವೆಯ ವೇಳಾಪಟ್ಟಿ ಬರೆದು ತಡವಾಗಿ ಬರುವ ಗಾಡಿಗಳನ್ನು ಕೆಂಪಿನಲ್ಲಿ ತೋರಿಸಿದ್ದೇನೆ. ಬಂದವರೆಲ್ಲ ನನ್ನ ಬಣ್ಣವನ್ನೇ ಹೊಗಳುತ್ತಿದ್ದರು. ಭಾವ ಮಾತ್ರ ಇಂಜಿನ್ನನ್ನು ಬೋರಲು ಹಾಕಿ, "ಮುಖ ನೋಡಿ ಮರುಳಾಗಬೇಡಿ ಸ್ವಾಮಿ, ಪಾದ ನೋಡಿ" ಎನ್ನುತ್ತಿದ್ದ.

ಪಾದದ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದ್ದು ಅರ್ಥವಾಗುವುದಿಲ್ಲ. ಮಾದರಿ ಇಂಜಿನ್ನಿನ ಹೊಟ್ಟೆಯಲ್ಲಿ ಬೆಂಕಿಯಿಲ್ಲ, ನೀರಿಲ್ಲ. ಅದು ಉಣ್ಣುವುದು ಹಳಿಯಿಂದ. ಎಡಹಳಿಯಲ್ಲಿ ಕರೆಂಟಿನ ಒಂದು ತುದಿ, ಬಲಹಳಿಯಲ್ಲಿ ಇನ್ನೊಂದು. ಆಯಾ ಬದಿಯ ಚಕ್ರ ಹಳಿಯನ್ನು ಮುಟ್ಟಿ ಅದನ್ನು ಎತ್ತಿಕೊಳ್ಳಬೇಕು. ಚಕ್ರದ ಬೆನ್ನಿಗೆ ಒರಗಿದ ಕಂಚಿನ ಸಣ್ಣ ತಂತಿ ಅದನ್ನು ಪಡೆದು ಮೋಟಾರಿಗೆ ತಲುಪಿಸಬೇಕು. ತಂತಿ ಬಿಗಿಯಾಗಿ ಒತ್ತಿದರೆ ಬ್ರೇಕು ಹಾಕಿದ ಹಾಗೆ, ಸಡಿಲವಾದರೆ ಇಂಜಿನ್ನಿಗೆ ಉಪವಾಸ. "ಬೆಕ್ಕಿನ ಮೀಸೆ ತಾಗಿದ ಹಾಗೆ ತಾಗಬೇಕು. ತಾಗಿದ್ದು ಚಕ್ರಕ್ಕೆ ಗೊತ್ತಾಗಬಾರದು, ಮೋಟಾರಿಗೆ ಗೊತ್ತಾಗಬೇಕು" ಎಂದು ಭಾವ ಆ ತಂತಿಗಳನ್ನು ಬರಿಬೆರಳಿನಿಂದಲೇ ಬಾಗಿಸುತ್ತಿದ್ದ. ಇಕ್ಕಳ ಮುಟ್ಟಿದವನಲ್ಲ.

ಎಲ್ಲಕ್ಕಿಂತ ಹಠಮಾರಿ ನಾಲ್ಕು ಚಕ್ರದ ಪುಟ್ಟ ಇಂಜಿನ್ನು. ನಾಲ್ಕು ಕಾಲಿನ ಮೇಜು ನೆಲ ಕೂದಲೆಳೆ ಡೊಂಕಿದ್ದರೂ ಒಂದು ಕಾಲೆತ್ತಿ ಕುಣಿಯುತ್ತದೆ. ಮೂರು ಕಾಲಿನ ಸ್ಟೂಲು ಎಲ್ಲಿಟ್ಟರೂ ತೆಪ್ಪಗೆ ಕೂರುತ್ತದೆ. ಅದಕ್ಕೇ ಭಾವ ಹಿಂದಿನ ಅಚ್ಚನ್ನು ಗಟ್ಟಿಯಾಗಿ ಕೂರಿಸಿ, ಮುಂದಿನ ಅಚ್ಚನ್ನು ನಡುವೆ ಒಂದು ಮೊಳೆಯ ಮೇಲೆ ಏತದ ಹಾಗೆ ಆಡಲು ಬಿಡುತ್ತಿದ್ದ. ನೋಡಲು ನಾಲ್ಕು ಚಕ್ರ, ಕೂರುವುದು ಮೂರು ಕಾಲಿನ ಮೇಲೆ. ಹಾಗಾಗಿ ನಾಲ್ಕೂ ಚಕ್ರಗಳು ಯಾವಾಗಲೂ ಹಳಿಗೆ ಕಚ್ಚಿಕೊಂಡಿರುತ್ತಿದ್ದವು. ಚಾಸಿ ಮುಗಿದ ಮೇಲೆ ಅದನ್ನು ದಪ್ಪ ಗಾಜಿನ ಮೇಲಿಟ್ಟು, ಅಕ್ಕನ ಅಂಗಡಿಯ ತೆಳ್ಳನೆ ಕಾಗದದ ಚೂರನ್ನು ಒಂದೊಂದೇ ಚಕ್ರದಡಿ ಇಟ್ಟು ಎಳೆಯುತ್ತಿದ್ದ. ಕಾಗದ ಸರಕ್ಕನೆ ಈಚೆ ಬಂದರೆ ಚಕ್ರ ಗಾಳಿಯಲ್ಲಿದೆ ಎಂದರ್ಥ. ಅವನ ಚಾಸಿಗಳಲ್ಲಿ ಕಾಗದ ಹರಿಯುತ್ತಿತ್ತೇ ಹೊರತು ಈಚೆ ಬಂದದ್ದನ್ನು ನಾನು ನೋಡಿಲ್ಲ. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ.

ಆ ಭಾವ ಒಂದು ಬೆಳಿಗ್ಗೆ ಕಾರ್ಖಾನೆಯ ಯಂತ್ರಗಳ ಸಾಲಿನ ನಡುವೆ ಕುಸಿದ. ಸುತ್ತಲಿನ ಯಂತ್ರಗಳು ನಿಲ್ಲುವ ಹೊತ್ತಿಗೆ ಅವನ ಉಸಿರೂ ನಿಂತಿತ್ತು.

ತಲೆಯೊಳಗೆ ಗಡ್ಡೆ ಬೆಳೆದಿತ್ತು ಎಂದರು ಆಸ್ಪತ್ರೆಯಲ್ಲಿ. "ಇದು ನಿನ್ನೆ ಮೊನ್ನೆಯದಲ್ಲ. ಬಹಳ ತಿಂಗಳಿಂದ ಇದೆ. ಬೆರಳು ಮರಗಟ್ಟಿರಬೇಕು, ಹಿಡಿದದ್ದು ಜಾರಿರಬೇಕು. ಮನೆಯಲ್ಲಿ ಯಾರೂ ಗಮನಿಸಲಿಲ್ಲವಾ?" ಎಂದರು ಡಾಕ್ಟರು. ಗದರಿಸಿ ಕೇಳಿದ್ದಲ್ಲ, ಪಾಪ, ಕೆಲಸದ ಪ್ರಶ್ನೆ. ಉತ್ತರಕ್ಕೂ ಕಾಯಲಿಲ್ಲ. ಆದರೆ ಆ ಪ್ರಶ್ನೆ ಅಕ್ಕನ ಕೈ ಹಿಡಿದುಕೊಂಡು ಅವಳ ಜೊತೆ ಮನೆಗೆ ಬಂತು, ಬಂದದ್ದು ಹೋಗಲಿಲ್ಲ.

ಅಕ್ಕ ಅಂಗಡಿ ತೆರೆದಳು, ಯಂತ್ರದ ಮುಂದೆ ಕೂತಳು. ಯಾರದೋ ಪ್ಯಾಂಟಿನ ಅಂಚನ್ನು ಹೊಲಿಯುವುದು, ಬಿಚ್ಚುವುದು, ಮತ್ತೆ ಅದನ್ನೇ ಹೊಲಿಯುವುದು. ನಾನು ಹೋದಾಗಲೆಲ್ಲ ಒಂದೇ ಮಾತು.

"ಒಂದು ನೂಲಿನೆಳೆ ಸಡಿಲ ಆದ್ರೆ ಕಣ್ಣುಮುಚ್ಚಿ ಹೇಳ್ತೀನಿ ನಾನು. ಗಂಡನ ಕೈ ಹೋಗಿದ್ದು ಗೊತ್ತಾಗಲ್ವೇನೋ?"

"ಭಾವನ ಕೈಯಾ? ಹೋಗೋಕೆ ಒಂದು ವಾರ ಮುಂಚೆ ತಾನೇ ನೊಣದ ಕಾಲಿಗೆ ಬೂಟು ಹಾಕಿ ಲೇಸು ಕಟ್ಟಿದ್ದ. ನೊಣ ಥ್ಯಾಂಕ್ಸ್ ಹೇಳಿ ಹೋಯ್ತು."

"ತಮಾಷೆ ಬೇಡ ಕಣೋ."

"ತಮಾಷೆ ಅಲ್ಲ ಅಕ್ಕ, ಕಣ್ಣಾರೆ ಕಂಡಿದ್ದು."

ಒಂದು ದಿನ ಅವಳೇ ನನ್ನನ್ನು ಹಿಂದಿನ ಕೋಣೆಗೆ ಕರೆದೊಯ್ದಳು. ಭಾವನ ಮೇಜಿನ ಮೇಲೆ ಹಳದಿ ಬಟ್ಟೆ ಮುಚ್ಚಿದ ಒಂದು ಗುಪ್ಪೆ. ಬಟ್ಟೆ ತೆಗೆದರೆ ನಾಲ್ಕು ಚಕ್ರದ ಪುಟ್ಟ ಇಂಜಿನ್ನಿನ ಚಾಸಿ, ಮೋಟಾರು ಕೂಡ ಕೂರಿಸಿ ಆಗಿತ್ತು. ಬಾಡಿ ಮಾತ್ರ ಆಗಬೇಕು, ಅದು ನನ್ನ ಪಾಲು. ಕೊನೆಯ ದಿನಗಳಲ್ಲಿ ಭಾವ ಕಟ್ಟುತ್ತಿದ್ದುದು ಇದನ್ನೇ. "ಮುಗಿಯೋ ತನಕ ತೋರಿಸಲ್ಲ" ಎಂದಿದ್ದ. ನಾನೂ ಕೇಳಿರಲಿಲ್ಲ, ನನ್ನದೇ ಕಥೆಗಳು ಬೇಕಾದಷ್ಟಿದ್ದವು.

"ಇದನ್ನ ಓಡಿಸು" ಎಂದಳು ಅಕ್ಕ. "ಅವರು ಕೊನೆಗೆ ಮಾಡಿದ್ದು ಇದು. ಇದು ಓಡಿದ್ರೆ ಅವರ ಕೈ ನೆಟ್ಟಗಿತ್ತು ಅಂತ ಅರ್ಥ. ಡಾಕ್ಟರು ಅವರ ಕೈ ನೋಡಿದ್ದು ಒಂದೇ ಒಂದು ದಿನ, ಅವರಿಗೇನು ಗೊತ್ತು."

"ಓಡದೆ ಏನು?"

"ಓಡದಿದ್ರೆ ನಾನು ಅವರ ಪಕ್ಕದಲ್ಲಿ ಕುರುಡಿ ಥರ ಇದ್ದೆ ಅಂತ." ಅವಳು ಚಾಸಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ಬಾಡಿ ಕೂರಿಸು, ಬಣ್ಣ ಬಳಿ, ಏನಾದ್ರೂ ಮಾಡ್ಕೋ. ಕೆಳಗಡೆ ಕೈ ಹಾಕಬೇಡ. ಕೆಳಗಡೆ ಎಲ್ಲಾ ಅವರದ್ದೇ ಇರಬೇಕು."

"ಅಕ್ಕ, ಇದು ಭಾವನ ಚಾಸಿ. ಬಿಟ್ಟರೆ ಗೋಡೆ ಹತ್ತಿ ಸೂರಿನ ಮೇಲೆ ಓಡಿ ಇನ್ನೊಂದು ಕಡೆಯಿಂದ ಇಳಿಯುತ್ತೆ. ನೋಡ್ತಾ ಇರು."

ನನ್ನ ಅಂಗಡಿಗೆ ತಂದು, ಬಣ್ಣದ ಡಬ್ಬಿಗಳನ್ನು ಸರಿಸಿ, ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಮೊಳದುದ್ದದ ಹಳಿಯ ಮೇಲೆ ಅದನ್ನಿಟ್ಟು ಕರೆಂಟು ಕೊಟ್ಟೆ. ಗೇಣಿನಷ್ಟು ಹೋಯಿತು. ನಿಂತಿತು. ಬೆರಳಿನಿಂದ ತಟ್ಟಿದೆ, ಕೆಮ್ಮಿದ ಹಾಗೆ ಮಾಡಿ ಎರಡು ಬೆರಳಗಲ ಸರಿದು ಮತ್ತೆ ನಿಂತಿತು.

ಕುಣಿಯಲಾರದವರಿಗೆ ನೆಲ ಡೊಂಕು. ನಾನು ಮೊದಲು ಹಳಿಯನ್ನು ಬೈದೆ. ರಬ್ಬರಿನಿಂದ ತಿಕ್ಕಿ ತಿಕ್ಕಿ ಹಳಿಯಲ್ಲಿ ಮುಖ ಕಾಣುವಂತೆ ಮಾಡಿದೆ. ಮುಖ ಕಂಡಿತು, ಇಂಜಿನ್ನು ಕದಲಲಿಲ್ಲ. ಚಕ್ರಗಳಿಗೆ ಸ್ಪಿರಿಟ್ಟು ಒರೆಸಿದೆ. ಕರೆಂಟು ಕೊಡುವ ಪೆಟ್ಟಿಗೆಯನ್ನು ಬೈದೆ, ವಿದ್ಯುತ್ ಇಲಾಖೆಯನ್ನು ಬೈದೆ, ಹವೆಯಲ್ಲಿ ತೇವ ಜಾಸ್ತಿ ಎಂದು ಆಕಾಶವನ್ನೂ ಬಿಡಲಿಲ್ಲ. ಬೈಯಲು ಯಾರೂ ಉಳಿಯದೆ ಹೋದ ಮೇಲೆ ಗಾಜಿನ ಹಲಗೆ ಹುಡುಕಿ ತಂದೆ.

ಹಿಂದಿನ ಬಲಚಕ್ರದಡಿ ಕಾಗದ ಸಿಕ್ಕಿಕೊಂಡಿತು. ಹಿಂದಿನ ಎಡಚಕ್ರದಡಿ ಸಿಕ್ಕಿಕೊಂಡಿತು. ಮುಂದಿನ ಬಲಕ್ಕೂ ಸಿಕ್ಕಿಕೊಂಡಿತು. ಮುಂದಿನ ಎಡಚಕ್ರದಡಿ ಇಟ್ಟು ಎಳೆದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಈಚೆ ಬಂತು. ಕಾಗದವನ್ನು ಮಡಚಿ ಇಟ್ಟೆ, ಅದೂ ಬಂತು. ಕೊನೆಗೆ ನನ್ನ ವಿಸಿಟಿಂಗ್ ಕಾರ್ಡು ತೂರಿಸಿದೆ. "ಅಕ್ಷರಲೋಕದ ಚಕ್ರವರ್ತಿ" ಎಂದು ಚಿನ್ನದ ಬಣ್ಣದಲ್ಲಿ ಅಚ್ಚು ಹಾಕಿಸಿದ ದಪ್ಪ ಕಾರ್ಡು. ಚಕ್ರವರ್ತಿ ಕೂಡ ಎಲ್ಲೂ ತಡೆಯದೆ ಆ ಚಕ್ರದಡಿ ನುಸುಳಿ ಆಚೆ ಹೋದ.

ಭೂತಗನ್ನಡಿ ಹಿಡಿದು ಚಾಸಿಯನ್ನು ಬೋರಲು ಹಾಕಿ ನೋಡಿದೆ. ಬಹಳ ಹೊತ್ತು ನೋಡಿದೆ. ಆಮೇಲೆ ಅದರ ಮೇಲೆ ಬಟ್ಟೆ ಮುಚ್ಚಿ, ಅಂಗಡಿಗೆ ಬೀಗ ಹಾಕಿ, ನಡುಮಧ್ಯಾಹ್ನ ಕಂಡ ಕಂಡ ಬೀದಿಗಳಲ್ಲಿ ತಿರುಗಿದೆ. ನಾನೇ ಬರೆದ ಬೋರ್ಡುಗಳು ಎರಡೂ ಕಡೆಯಿಂದ ನನ್ನನ್ನೇ ನೋಡುತ್ತಿದ್ದವು. ಹಾರ್ಡ್‌ವೇರ್ ಅಂಗಡಿಯವನು ಗಲ್ಲಾದಿಂದ ಕತ್ತು ಚಾಚಿ, "ಏನು ಶಿಳ್ಳೆ, ಹಬೆ ಮುಗೀತಾ?" ಎಂದ. ಅವನಿಗೊಂದು ಉತ್ತರ ಬಿಸಾಡದೆ ಮುಂದೆ ಹೋದದ್ದು ಅದೇ ಮೊದಲು.

ಅಕ್ಕ ದಿನಾ ಫೋನು ಮಾಡುತ್ತಿದ್ದಳು.

"ಓಡಿತಾ?"

"ಬಣ್ಣ ಒಣಗ್ತಾ ಇದೆ."

"ಇಷ್ಟು ದಿನ ಒಣಗುತ್ತಾ ಬಣ್ಣ?"

"ಇದು ಮಾಮೂಲಿ ಬಣ್ಣ ಅಲ್ಲ ಅಕ್ಕ, ಅರಮನೆ ಬಾಗಿಲಿಗೆ ಬಳಿಯೋದು. ಒಣಗೋಕೆ ಅದಕ್ಕೂ ಒಂದು ಗತ್ತು."

ಅವಳು ನಗಲಿಲ್ಲ. ಮರುದಿನ ಓಡಿತಾ ಎಂದೂ ಕೇಳಲಿಲ್ಲ. "ಒಂದು ಸಲ ಅವರ ಕೈಯಿಂದ ಲೋಟ ಜಾರಿ ಬಿತ್ತು" ಎಂದಳು. "ಎಲ್ಲರ ಕೈಲೂ ಜಾರುತ್ತೆ ಅಲ್ವಾ?"

"ನನ್ನ ಕೈಲಿ ಒಡೆದ ಲೋಟ ಸೇರಿಸಿದ್ರೆ ಒಂದು ಹೋಟೆಲು ತೆಗೀಬಹುದು."

ಅದರ ಮಾರನೆಯ ದಿನ ಅಂಗಡಿಯಿಂದಲೇ ಫೋನು ಮಾಡಿದಳು. ಅಂಗಡಿಯ ಮುಂದೆ ಗಾಡಿಗಳು ಹೋಗುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

"ಬೆಳಿಗ್ಗೆ ಅಂಗಿ ಗುಂಡಿ ಹಾಕೋಕೆ ನನ್ನನ್ನ ಕರೀತಿದ್ರು" ಎಂದಳು. "ಇತ್ತೀಚೆಗೆ ಶುರು ಮಾಡಿದ್ದು. ಬಾ, ನೀನೇ ಹಾಕು, ನಿನ್ನ ಕೈಲಿ ಹಾಕಿಸ್ಕೊಂಡ್ರೆ ದಿನ ಚೆನ್ನಾಗಿರುತ್ತೆ ಅನ್ನೋರು. ಈ ವಯಸ್ಸಲ್ಲಿ ಇದೇನು ಸರಸ ಅಂತ ನಾನು ಬೈತಾ ಬೈತಾ ಹಾಕ್ತಿದ್ದೆ." ಮತ್ತೆ ಗಾಡಿಗಳ ಸದ್ದು. "ನಾನು ಪ್ರೀತಿ ಅಂದ್ಕೊಂಡೆ ಕಣೋ."

"ಪ್ರೀತಿನೇ ಅಕ್ಕ."

"ಇಂಜಿನ್ನು ತಗೊಂಡು ಬಾ."

ಮರುದಿನ ಇಂಜಿನ್ನು ಓಡಿತು. ಹೇಗೆಂದು ಕೇಳಬೇಡಿ. ಮಹಾಶಿಲ್ಪಿಗಳು ಉಳಿ ಎಲ್ಲಿಟ್ಟೆವೆಂದು ಹೇಳುವುದಿಲ್ಲ. ಕಡುಹಸಿರು ಬಾಡಿ, ಅಂಚಿಗೆ ಕೂದಲೆಳೆಯಷ್ಟು ಕೆಂಪು ಗೆರೆ, ಹಿಂಬದಿಯಲ್ಲಿ ಸಾಸಿವೆಗಿಂತ ಸಣ್ಣ ಕಲ್ಲಿದ್ದಲು ತುಂಬಿದ ತೊಟ್ಟಿ. ನನ್ನ ಜೀವಮಾನದಲ್ಲಿ ಅಂಥ ಬಣ್ಣ ಬಳಿದಿರಲಿಲ್ಲ. ದಾರಿಯಲ್ಲಿ ಒಂದು ಚಿಟ್ಟೆ ಅದರ ಮೇಲೆ ಕೂತು, ತನ್ನ ರೆಕ್ಕೆ ನೋಡಿಕೊಂಡು ನಾಚಿ ಎದ್ದು ಹೋಯಿತು.

ರಜೆಯ ದಿನ, ಬಿಸಿಲು ಕಿಟಕಿಯಿಂದ ಹಳಿಯ ಮೇಲೆ ಬೀಳುವ ಹೊತ್ತು. ಅಕ್ಕ ಧೂಳು ಒರೆಸಿ, ಭಾವನ ಕುರ್ಚಿಯನ್ನು ಅದರ ಜಾಗದಲ್ಲೇ ಬಿಟ್ಟು, ತಾನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಳು. ನಾನು ಇಂಜಿನ್ನನ್ನು ಹಳಿಯ ಮೇಲಿಟ್ಟೆ. ಕರೆಂಟು ಪೆಟ್ಟಿಗೆಯ ಗುಂಡಿಗೆ ಅವಳು ಕೈ ಚಾಚಿದಾಗ, "ನೀನು ನೋಡು ಅಕ್ಕ, ಡ್ರೈವರು ನಾನು" ಎಂದು ಪೆಟ್ಟಿಗೆಯನ್ನೇ ನನ್ನ ಕಡೆ ಎಳೆದುಕೊಂಡು ಗುಂಡಿ ತಿರುಗಿಸಿದೆ.

ಇಂಜಿನ್ನು ಹೊರಟಿತು. ಎಷ್ಟು ನಿಧಾನ ಎಂದರೆ ಇರುವೆ ಹಾರ್ನು ಹೊಡೆದು ದಾರಿ ಕೇಳಬೇಕು. ಕಿಟಕಿಯ ಕೆಳಗೆ ಹಳಿ ಕವಲೊಡೆಯುವ ಜಾಗವಿದೆ. ಅಲ್ಲಿ ನಡುವೆ ಒಂದು ತುಂಡು ಪ್ಲಾಸ್ಟಿಕ್ಕು, ಅದರಲ್ಲಿ ಕರೆಂಟಿಲ್ಲ. ಪುಟ್ಟ ಇಂಜಿನ್ನುಗಳಿಗೆ ಅದೇ ಗಂಡಾಂತರ. ಭಾವನ ಒಳ್ಳೆಯ ಇಂಜಿನ್ನುಗಳು ಕೂಡ ಅಲ್ಲಿ ಒಂದು ಸಲ ಕಣ್ಣು ಮಿಟುಕಿಸುತ್ತಿದ್ದವು. ಇದು ಮಿಟುಕಿಸಲೂ ಇಲ್ಲ. ದಾಟಿತು. ಭಾವನ ಖಾಲಿ ಕುರ್ಚಿಯ ಮುಂದೆ ಹಾದು, ಮೂಲೆ ತಿರುಗಿ, ಸೇತುವೆಯ ಮೇಲೆ ಬಂದು, ಅಕ್ಕನ ಮೊಣಕಾಲಿನ ಪಕ್ಕದಲ್ಲೇ ಗುಂಯ್ ಎನ್ನುತ್ತ ಹೋಯಿತು.

"ನೋಡಿದ್ಯಾ!" ಅಕ್ಕ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. "ನಾನು ಹೇಳಿಲ್ವಾ? ನೋಡು, ಹೇಗೆ ಹೋಗ್ತಾ ಇದೆ! ಇಂಥಾದ್ದು ಮಾಡಿದ ಕೈ ಮರಗಟ್ಟಿತ್ತಂತೆ!" ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಮುಖ ಮಾತ್ರ ಮದುಮಗಳದಾಗಿತ್ತು. "ಗುಂಡಿ ಹಾಕಿಸ್ಕೊಳ್ತಿದ್ದಿದ್ದು ಪ್ರೀತಿಗೇ."

"ಮತ್ತಿನ್ನೇನು? ಈ ಚಾಸಿ ನೋಡು ಅಕ್ಕ, ದೇವರು ಭೂಮಿನ ಇಷ್ಟು ನೆಟ್ಟಗೆ ಕೂರಿಸಿದ್ರೆ ಭೂಕಂಪವೇ ಆಗ್ತಿರಲಿಲ್ಲ. ನಾಲ್ಕು ಚಕ್ರ, ನಾಲ್ಕು ಕಂಬ! ಇದು ಗಟ್ಟಿ ಕೈಯವನ ಕೆಲಸ. ಡಾಕ್ಟರನ್ನೇ ಕರೆಸು, ತೋರಿಸೋಣ."

ನಾನು ಇನ್ನೂ ಏನೇನೋ ಹೇಳುತ್ತಿದ್ದೆ. ಬಾಯಿ ತನ್ನಷ್ಟಕ್ಕೆ ನಡೆದಿತ್ತು. ಅಷ್ಟರಲ್ಲಿ ಇಂಜಿನ್ನು ಇನ್ನೊಂದು ಸುತ್ತು ಬಂತು. ಅಕ್ಕ ಬಾಗಿ, ಹಸುಗೂಸನ್ನು ತೊಟ್ಟಿಲಿನಿಂದ ಎತ್ತುವ ಹಾಗೆ ಎರಡೂ ಕೈಯಲ್ಲಿ ಅದನ್ನು ಎತ್ತಿ ಎದೆಗೊತ್ತಿಕೊಂಡಳು.

ಹಳಿಯಿಂದ ಎತ್ತಿದ ಇಂಜಿನ್ನು ಸತ್ತ ಇಂಜಿನ್ನು. ಈ ಮನೆಯಲ್ಲಿ ಅದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ನಾನು ಬಣ್ಣ ಯೋಚಿಸಿದ್ದೆ, ವೇಗ ಯೋಚಿಸಿದ್ದೆ, ಕವಲು ದಾಟುವುದನ್ನು ಯೋಚಿಸಿದ್ದೆ. ಒಬ್ಬ ಹೆಂಗಸು ಗಂಡನ ಕೊನೆಯ ಕೆಲಸವನ್ನು ಎತ್ತಿಕೊಳ್ಳಬಹುದು ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ.

ಅವಳ ಎದೆಯ ಮೇಲೆ ನಾಲ್ಕೂ ಚಕ್ರಗಳು ತಿರುಗುತ್ತಲೇ ಇದ್ದವು. ಬಟ್ಟೆಯ ಒಂದು ನೂಲಿನೆಳೆ ಅಚ್ಚಿಗೆ ಸಿಕ್ಕಿ ಸುತ್ತಿಕೊಳ್ಳತೊಡಗಿತು. ಅವಳು ಮೆಲ್ಲನೆ ಅದನ್ನು ದೂರ ಹಿಡಿದು ನೋಡಿದಳು. ಹಳಿಯನ್ನು ನೋಡಿದಳು. ಮತ್ತೆ ಅದನ್ನು ನೋಡಿದಳು.

"ಅದು ವೇಗ ಅಕ್ಕ" ಎಂದೆ. "ಓಡಿದ ಉಮೇದು. ಒಳಗೆ ಭಾರದ ಗಾಲಿ ಇದೆಯಲ್ಲ, ಅದು ಇಳಿಯೋ ತನಕ ಹಾಗೇ ತಿರುಗುತ್ತೆ."

"ಹೂಂ. ಇಳೀಲಿ, ಕಾಯ್ತೀನಿ" ಎಂದಳು ಅಕ್ಕ.

ಕಾದಳು. ಅಂಗೈ ಮೇಲೆ ಅಂಗೈ ಇಟ್ಟು, ಅದರ ಮೇಲೆ ಇಂಜಿನ್ನನ್ನು ಬೋರಲು ಮಲಗಿಸಿಕೊಂಡು ಸ್ಟೂಲಿನ ಮೇಲೆ ಕೂತಳು. ಬಿಸಿಲು ಹಲಗೆಯಿಂದ ಇಳಿದು ನೆಲಕ್ಕೆ ಬಂತು. ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಒಗೆದು ಮುಗಿಸಿದರು. ಚಕ್ರಗಳು ನಿಲ್ಲಲಿಲ್ಲ. ನಾನು ಕೊಂಡು ಹಾಕಿದ ಬ್ಯಾಟರಿ ಹೊಸದು, ಅಂಗಡಿಯಲ್ಲಿದ್ದುದರಲ್ಲೇ ಒಳ್ಳೆಯದು.

"ಬಾಡಿ ಬಿಚ್ಚು."

ಬಿಚ್ಚಿದೆ. ಕಲ್ಲಿದ್ದಲು ತೊಟ್ಟಿಯ ಕೆಳಗೆ ಬ್ಯಾಟರಿ, ಅದರಿಂದ ಮೋಟಾರಿಗೆ ಎರಡು ಎಳೆ ತಂತಿ, ಉಗುರಿಗೆ ಸಿಗುವಂಥ ಒಂದು ಸ್ವಿಚ್ಚು. ಪೆಟ್ಟಿಗೆಯ ಗುಂಡಿ ತಿರುಗಿಸುವಾಗ ಇನ್ನೊಂದು ಕೈಯ ಉಗುರಿನಿಂದ ನಾನು ಒತ್ತಿದ್ದು ಅದನ್ನೇ. ಈಗ ಅದನ್ನು ಆರಿಸಿದೆ. ಆ ಗುಂಯ್‌ಕಾರ ನಿಂತ ಕೂಡಲೇ ಕೋಣೆ ಎಷ್ಟು ದೊಡ್ಡದೆಂದು ತಿಳಿಯಿತು.

"ಹಳಿಯಿಂದ ಓಡ್ತಿರಲಿಲ್ವಾ?" ಎಂದಳು.

ಒಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಚೆಂದದ್ದೇ ಬಂದಿತ್ತು. ಅವಳ ಮುಖ ನೋಡಿ ಅದು ಹಿಂದಕ್ಕೆ ಹೋಯಿತು.

"ಇಲ್ಲ ಅಕ್ಕ. ಗೇಣುದ್ದ ಹೋಗಿ ನಿಲ್ತಿತ್ತು. ಮುಂದಿನ ಅಚ್ಚು ಏತದ ಹಾಗೆ ಆಡಬೇಕಲ್ಲ, ಆ ಮೊಳೆಗೆ ಬೆಸುಗೆ ಹರಿದು ಅಚ್ಚು ಕಟ್ಟಿಕೊಂಡುಬಿಟ್ಟಿದೆ, ಅದೂ ಓರೆಯಾಗಿ. ಎಡಗಡೆ ಮುಂದಿನ ಚಕ್ರ ಗಾಳೀಲಿದೆ. ಎಡಗಡೆ ಹಿಂದಿನ ಚಕ್ರಕ್ಕೆ ತಂತಿ ಮುಟ್ಟೋದೇ ಇಲ್ಲ. ಬಾಗಿಸಿ ಬಾಗಿಸಿ, ಬಿಡಿಸಿ ಮತ್ತೆ ಬಾಗಿಸಿ, ಗಂಟು ಗಂಟಾಗಿದೆ. ಇಕ್ಕಳದ ಹಲ್ಲಿನ ಗುರುತು ಇದೆ ಅಕ್ಕ, ತಂತಿ ಮೇಲೆಲ್ಲ. ತೂತುಗಳನ್ನ ಒಂದರ ಪಕ್ಕ ಒಂದು ಕೊರೆದಿದ್ದಾನೆ, ಯಾವುದೂ ನೆಟ್ಟಗಿಲ್ಲ."

"ನಿನಗೆ ಸರಿ ಮಾಡೋಕೆ ಆಗ್ತಿರಲಿಲ್ವಾ?"

"ಆ ಬೆಸುಗೆ ಕರಗಿಸಿದ್ರೆ ಆಗ್ತಿತ್ತು. ಅಷ್ಟು ನನಗೂ ಬರುತ್ತೆ. ಬೆಸುಗೆ ಕಡ್ಡಿ ಬಿಸಿ ಮಾಡಿ ಹಿಡ್ಕೊಂಡೂ ಇದ್ದೆ." ಚಾಸಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಅವಳಿಗೆ ಕೊಟ್ಟೆ. "ಇಲ್ಲಿ ನೋಡು. ಮೊಳೆ ಪಕ್ಕದಲ್ಲಿ."

ಬೂದುಬಣ್ಣದ ಬೆಸುಗೆಯ ಹನಿಯಲ್ಲಿ ಒಂದು ಹೆಬ್ಬೆರಳಿನ ಅಂಚು ಒತ್ತಿತ್ತು, ಸಣ್ಣ ಸಣ್ಣ ಗೆರೆಗಳ ಸಮೇತ.

"ಅದು ಗಟ್ಟಿಯಾಗೋ ಮುಂಚೆ ಒತ್ತಿ ಹಿಡಿದಿದ್ದಾನೆ. ಬೇರೆ ಯಾರಾದ್ರೂ ಆಗಿದ್ರೆ ಕಿರುಚಿ ಕೈ ಒದರಿರೋರು. ಅವನಿಗೆ ಸುಟ್ಟಿದ್ದೇ ಗೊತ್ತಾಗಿಲ್ಲ ಅಕ್ಕ. ಕರಗಿಸಿದ್ರೆ ಈ ಗುರುತೂ ಹೋಗ್ತಿತ್ತು. ಅದಕ್ಕೇ ಬಿಟ್ಟೆ. ಅದಕ್ಕೇ ಬ್ಯಾಟರಿ."

ಅಕ್ಕ ತನ್ನ ಹೆಬ್ಬೆರಳನ್ನು ಆ ಗುರುತಿನ ಹತ್ತಿರ ಒಯ್ದಳು, ಮುಟ್ಟಲಿಲ್ಲ.

"ಕೆಟಲ್ ತಾಗಿತು ಅಂದ್ರು" ಎಂದಳು. "ಮುಲಾಮು ಹಚ್ಚಿದ್ದು ನಾನೇ. ಉರಿಯುತ್ತಾ ಅಂತ ಕೇಳಿದೆ. ಇಲ್ಲ ಅಂದ್ರು. ಎಷ್ಟು ಗಟ್ಟಿ ಮನುಷ್ಯ ಅಂದ್ಕೊಂಡೆ." ಚಾಸಿಯನ್ನು ಮಡಿಲಿಗಿಳಿಸಿ, "ಹಾಗಾದ್ರೆ ಡಾಕ್ಟರು ಹೇಳಿದ್ದು ನಿಜ."

"ನಿಜ."

"ನಾನು ಪಕ್ಕದಲ್ಲೇ ಇದ್ದೆ."

"ನೀನು ಹಗಲೆಲ್ಲ ಅಂಗಡೀಲಿ ಇರ್ತಿದ್ದೆ ಅಕ್ಕ. ಅವನು ಇದನ್ನ ಕಟ್ಟಿದ್ದು ಈ ಮೇಜಿನ ಮೇಲೆ, ಸಂಜೆ ಹೊತ್ತು. ಎದುರಿಗೆ ಕೂತಿದ್ದವನು ನಾನು." ಬಿಚ್ಚಿದ ಬಾಡಿಯನ್ನು ಮೇಜಿನ ಮೇಲಿಟ್ಟೆ. "ಗೋಡೆ ಕಡೆ ತಿರುಗಿ ಕೆಲಸ ಮಾಡ್ತಿದ್ದ, ಬೆಳಕು ಚೆನ್ನಾಗಿದೆ ಅಂತ. ಸ್ಕ್ರೂ ಬಿತ್ತು ಹುಡುಕಿ ಕೊಡು ಅಂತ ಎಷ್ಟು ಸಲ ಕೇಳ್ದ. ನಾನು ಮೇಜಿನ ಕೆಳಗೆ ತೂರಿ ಹುಡುಕ್ತಾನೂ ಕಥೆ ಹೇಳ್ತಿದ್ದೆ. ಗೂಡ್ಸ್ ರೈಲಿನ ಕಥೆ, ವೇಳಾಪಟ್ಟಿ ಕಥೆ, ಹಾಳು ಮೂಳು. ಒಂದು ಸಂಜೆ ಇಕ್ಕಳ ಕೆಳಗಿಟ್ಟು, ಶಿಳ್ಳೆ, ನಿನಗೊಂದು ವಿಷಯ ಹೇಳಬೇಕಿತ್ತು ಅಂದ. ನಾನು, ಇರು ಭಾವ, ಇದೊಂದು ಮುಗಿಸ್ತೀನಿ ಅಂದೆ. ಮುಗಿಸೋ ಹೊತ್ತಿಗೆ ಅವನು ನಗ್ತಾ ಇದ್ದ. ಏನು ವಿಷಯ ಅಂದೆ. ಏನಿಲ್ಲ, ನಾಳೆ ಹೇಳ್ತೀನಿ ಅಂದ. ನಾಳೆ ನಾನು ಕೇಳಲಿಲ್ಲ ಅಕ್ಕ. ಇನ್ನೊಂದು ಕಥೆ ತಗೊಂಡು ಬಂದಿದ್ದೆ."